ಸೈತಾನನನ್ನು ಯಾವ ಹಾಡಿನಲ್ಲಿ ಹುಡುಕುತ್ತಿದ್ದೀರಿ?

ನಮ್ಮ ಮನೆಗಳಲ್ಲಿ ಈಚೆಗೆ ಹೊಸದೊಂದು ಜಗಳ ಶುರುವಾಗಿದೆ. ಬೆಳಗಾವಿಯ ಕ್ಯಾಂಪ್, ದರ್ಬಾರ್ ಗಲ್ಲಿಗಳಲ್ಲಿ, ಅತ್ತ ಖಾನಾಪುರದಲ್ಲಿ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಹುಡುಗರ ಕಿವಿಗೆ ಒಂದು ಬಗೆಯ ಸಂಗೀತ ಅಂಟಿಕೊಂಡಿದೆ. ಹೆಸರು 'ಬ್ಲ್ಯಾಕ್ ಮೆಟಲ್'. ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿರುವ ಈ ಹಾಡುಗಳನ್ನು ಅಕಸ್ಮಾತ್ ಕೇಳಿಸಿಕೊಂಡ ಹಿರಿಯರು ಬೆಚ್ಚಿಬಿದ್ದಿದ್ದಾರೆ. 'ಇದು ಸೈತಾನನ ಕೂಗು, ಇದನ್ನು ಕೇಳಿದವನ ಈಮಾನು ಉಳಿಯುವುದಿಲ್ಲ' ಎನ್ನುತ್ತಾರೆ. 'ಹಾಡು ತಾನೇ ಅಬ್ಬಾ, ಅದರಲ್ಲೇನಿದೆ?' ಎನ್ನುತ್ತಾರೆ ಹುಡುಗರು. ನಮಗೆ ಈ ಎರಡೂ ಮಾತು ಒಪ್ಪಿಗೆಯಿಲ್ಲ. ಹಿರಿಯರು ಸೈತಾನನನ್ನು ಅವನು ಇಲ್ಲದ ಕಡೆ ಹುಡುಕುತ್ತಿದ್ದಾರೆ. ಹುಡುಗರು ಅವನು ಕೂತಿರುವ ಜಾಗವನ್ನು ನೋಡಿಯೂ ನೋಡದಂತೆ ಇದ್ದಾರೆ.

ಹುಡುಗರು ಹೆಚ್ಚು ಹೊಗಳುವ ಧ್ವನಿಮುದ್ರಣವನ್ನೇ ತೆಗೆದುಕೊಳ್ಳೋಣ. 'ಲೈವ್ ಇನ್ ಲೈಪ್‌ಜಿಗ್' ಎಂಬುದು ಅದರ ಹೆಸರು. ನಾರ್ವೆ ದೇಶದ 'ಮೇಹೆಮ್' ಎಂಬ ತಂಡ 1990ರ ನವೆಂಬರ್ 26ರಂದು ಜರ್ಮನಿಯ ಲೈಪ್‌ಜಿಗ್ ನಗರದ 'ಐಸ್‌ಕೆಲ್ಲರ್' ಎಂಬ ಯುವಜನ ಕ್ಲಬ್ಬಿನಲ್ಲಿ ನಡೆಸಿದ ಕಛೇರಿಯ ಮುದ್ರಣ ಇದು. ಈ ಬಗೆಯ ಸಂಗೀತಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನ 'ವೆನಮ್' ತಂಡದ 1982ರ ಆಲ್ಬಮ್ಮಿನಿಂದ. ಆದರೆ ಅದಕ್ಕೆ ಇಂದಿನ ಸ್ವರೂಪ ಕೊಟ್ಟವರಲ್ಲಿ 1984ರಲ್ಲಿ ಹುಟ್ಟಿದ ಈ ಮೇಹೆಮ್ ಮುಖ್ಯವಾದುದು. ನಾವು ಈ ಮುದ್ರಣವನ್ನು ಪೂರ್ತಿ ಕೇಳಿದ್ದೇವೆ. ಸ್ಟುಡಿಯೋದ ನಯಗಾರಿಕೆ ಇದರಲ್ಲಿ ಒಂದಿಷ್ಟೂ ಇಲ್ಲ. ಗಿಟಾರು ಗರಗಸದಂತೆ ಕೊಯ್ಯುತ್ತದೆ. ಡ್ರಮ್ಮು ಮುಗ್ಗರಿಸುವಷ್ಟು ವೇಗದಲ್ಲಿ ಓಡುತ್ತದೆ. ಇವೆರಡರ ನಡುವೆ ಒಂದು ಗಂಟಲು, ಹಾಡು ಎನ್ನಲಾಗದ, ಅಳು ಎಂದೂ ಹೇಳಲಾಗದ ದನಿಯಲ್ಲಿ ಕಿರುಚುತ್ತದೆ. ಹಾಡಿನ ಕೊನೆಗೆ ಸಣ್ಣದೊಂದು ಗುಂಪಿನ ಚಪ್ಪಾಳೆ ಕೇಳಿಸುತ್ತದೆ.

ಆ ಗಂಟಲು ಪೆರ್ ಇಂಗ್ವೆ ಓಲಿನ್ ಎಂಬ ಸ್ವೀಡನ್ನಿನ ಯುವಕನದು. ರಂಗದ ಮೇಲೆ ಅವನು ತನಗೆ ತಾನೇ ಇಟ್ಟುಕೊಂಡ ಹೆಸರು 'ಡೆಡ್', ಎಂದರೆ ಸತ್ತವನು. ಮುಖಕ್ಕೆ ಹೆಣದಂತೆ ಬಿಳಿ ಕಪ್ಪು ಬಣ್ಣ ಬಳಿದುಕೊಳ್ಳುತ್ತಿದ್ದ. ಈ ಕಛೇರಿ ನಡೆದು ಐದು ತಿಂಗಳಾಗುವ ಮೊದಲೇ, 1991ರ ಏಪ್ರಿಲ್‌ನಲ್ಲಿ, 22ನೇ ವಯಸ್ಸಿಗೆ ಅವನು ತನ್ನ ಜೀವ ತೆಗೆದುಕೊಂಡ. ಮುದ್ರಣ ಮಾರುಕಟ್ಟೆಗೆ ಬಂದದ್ದು 1993ರಲ್ಲಿ. ಆದ್ದರಿಂದ ಇದನ್ನು ಕೇಳುವವರು ಕೇಳುತ್ತಿರುವುದು ದೂರದ ಊರಿನಲ್ಲಿ ಒಬ್ಬಂಟಿಯಾಗಿ ಮುಳುಗುತ್ತಿದ್ದ ಒಬ್ಬ ಹುಡುಗನ ದನಿಯನ್ನು. ಅದರಲ್ಲಿ ಸೈತಾನನ ಹೆಸರು ಬರುತ್ತದೆ, ನಿಜ. ನಮ್ಮ ಕಿವಿಗೆ ಮಾತ್ರ ಅದಕ್ಕಿಂತ ಹೆಚ್ಚಾಗಿ ಕೇಳಿಸಿದ್ದು ಆ ಹುಡುಗನ ಸಂಕಟ.

ಮೊದಲು ಹಿರಿಯರಿಗೆ ಉತ್ತರ ಹೇಳೋಣ.

ಸೈತಾನನಿಗೆ ದನಿ ಕೊಟ್ಟವರೆಲ್ಲ ಸೈತಾನನ ಆರಾಧಕರಾಗುವುದಾದರೆ ಅಲ್ಲಾಮಾ ಇಕ್ಬಾಲರನ್ನು ಎಲ್ಲಿ ಇಡುತ್ತೀರಿ? 1936ರಲ್ಲಿ ಅವರು 'ಇಬ್ಲೀಸ್ ಕಿ ಮಜ್ಲಿಸೆ ಶೂರಾ' ಬರೆದರು. ಅದರಲ್ಲಿ ಇಬ್ಲೀಸನೇ ಸಭೆ ಕರೆದು ತನ್ನ ಸಲಹೆಗಾರರೊಡನೆ ಜಗತ್ತಿನ ರಾಜಕೀಯ ಚರ್ಚಿಸುತ್ತಾನೆ. ಉರ್ದು ಶಾಲೆಗಳಲ್ಲಿ ಕಲಿತ ನಾವೆಲ್ಲ ಇಕ್ಬಾಲರನ್ನು ಗೌರವದಿಂದಲೇ ಓದಿದವರು. ಕನ್ನಡದ ಕಡೆ ಬಂದರೆ ಯಕ್ಷಗಾನದ ಬಣ್ಣದ ವೇಷ ಇದೆ, ನಮ್ಮ ಭಾಗದ ದೊಡ್ಡಾಟದ ರಾಕ್ಷಸ ಪಾತ್ರಗಳಿವೆ. ಮುಖದ ತುಂಬ ಬಣ್ಣ ಮೆತ್ತಿಕೊಂಡು, ಊರೇ ನಡುಗುವಂತೆ ಅಬ್ಬರಿಸುತ್ತ ರಂಗಕ್ಕೆ ಬರುವ ಆ ಕಲಾವಿದ ಬೆಳಗಾದ ಮೇಲೆ ಎತ್ತು ಹೂಡಿಕೊಂಡು ಹೊಲಕ್ಕೆ ಹೋಗುತ್ತಾನೆ. ಅವನನ್ನು ಯಾರೂ ರಾಕ್ಷಸ ಎನ್ನುವುದಿಲ್ಲ.

ಕಿರುಚಾಟ ನಮ್ಮ ಸಂಸ್ಕೃತಿಯದಲ್ಲ ಎಂಬ ವಾದವೂ ನಿಲ್ಲದು. ಸಾವಿನೆದುರು ದನಿ ಎತ್ತಿ ರೋದಿಸುವ ಮರ್ಸಿಯಾ, ನೌಹಾಗಳು ಉರ್ದು ಸಾಹಿತ್ಯದ ಹೆಮ್ಮೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಕರ್ಬಲಾದ ನೋವನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುತ್ತಾರೆ. ಸಂಗೀತವೇ ಹರಾಮ್ ಎನ್ನುವವರ ಜೊತೆ ನಾವು ಇಲ್ಲಿ ಫತ್ವಾ ಚರ್ಚೆಗೆ ಇಳಿಯುವುದಿಲ್ಲ. ಉಲೇಮಾಗಳಲ್ಲಿ ಈ ಬಗ್ಗೆ ಭಿನ್ನಾಭಿಪ್ರಾಯ ಮೊದಲಿನಿಂದ ಇದೆ. ಇಮಾಮ್ ಗಜಾಲಿಯವರು ಷರತ್ತುಗಳೊಡನೆ ಸಮಾವನ್ನು ಒಪ್ಪಿದರು. ಕಲಬುರಗಿಯ ಖ್ವಾಜಾ ಬಂದೇನವಾಜರ ಚಿಶ್ತಿ ಪರಂಪರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಖಾನಾಪುರ, ಬೆಳಗಾವಿ ದಾಟಿ ಹೋಗುವ ರೈಲು ಮಿರಜಿಗೆ ಮುಟ್ಟುತ್ತದಲ್ಲ, ಆ ಊರಿನ ಮೀರಾಸಾಹೇಬ್ ದರ್ಗಾದ ಉರುಸಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ನೆನಪಿಗೆ ಇಂದಿಗೂ ಸಂಗೀತ ಸೇವೆ ನಡೆಯುತ್ತದೆ.

ಬಟ್ಟೆ, ಬಣ್ಣ, ಸದ್ದು ನೋಡಿ ಸೈತಾನನನ್ನು ಗುರುತಿಸಲು ಹೊರಟವರಿಗೆ ಏನಾಯಿತು ಎಂಬುದಕ್ಕೆ ಮೊರಾಕ್ಕೋದ ಉದಾಹರಣೆ ಸಾಕು. 2003ರ ಆರಂಭದಲ್ಲಿ ಕಾಸಾಬ್ಲಾಂಕಾ ನಗರದಲ್ಲಿ ಮೆಟಲ್ ಸಂಗೀತದ 14 ಯುವಕರನ್ನು ಹಿಡಿದು, ಮುಸ್ಲಿಮರ ಶ್ರದ್ಧೆಯನ್ನು ಅಲುಗಿಸಿದರೆಂಬ ಆರೋಪ ಹೊರಿಸಿ ಮಾರ್ಚ್‌ನಲ್ಲಿ ಶಿಕ್ಷೆ ಕೊಡಲಾಯಿತು. ತಲೆಬುರುಡೆ ಚಿತ್ರದ ಕಪ್ಪು ಟೀ ಶರ್ಟುಗಳು ಅವರ ವಿರುದ್ಧದ ಸಾಕ್ಷ್ಯವಾದವು. ಮೇಲ್ಮನವಿಯಲ್ಲಿ ಹೆಚ್ಚಿನವರು ಬಿಡುಗಡೆಯಾದರು. ಅದೇ ವರ್ಷ ಮೇ 16ರಂದು ಅದೇ ನಗರದಲ್ಲಿ ಆತ್ಮಹತ್ಯಾ ಬಾಂಬರುಗಳು ಸ್ಫೋಟ ನಡೆಸಿ 33 ಅಮಾಯಕರನ್ನು ಕೊಂದರು. ಆ ಬಾಂಬರುಗಳು ಗಿಟಾರು ಹಿಡಿದವರಲ್ಲ. ಧರ್ಮದ ಹೆಸರು ಹೇಳಿಕೊಂಡು ಬಂದವರು. ಸರಕಾರ ಟೀ ಶರ್ಟುಗಳಲ್ಲಿ ಸೈತಾನನನ್ನು ಹುಡುಕುತ್ತಿದ್ದಾಗ ಅವನು ಬೇರೊಂದು ಓಣಿಯಲ್ಲಿ ಬಾಂಬು ಕಟ್ಟಿಸುತ್ತಿದ್ದ.

ಇದಕ್ಕೆ ಎದುರಾದ ಚಿತ್ರವೂ ಇದೆ. ಇಂಡೋನೇಷ್ಯಾದ ಗಾರುತ್ ಎಂಬಲ್ಲಿನ ಹಳ್ಳಿಯ ಮೂವರು ಮುಸ್ಲಿಂ ಹುಡುಗಿಯರು 2014ರಲ್ಲಿ ಶಾಲೆಯಲ್ಲಿದ್ದಾಗಲೇ 'ವಾಯ್ಸ್ ಆಫ್ ಬಾಚೆಪ್ರೊತ್' ಎಂಬ ಮೆಟಲ್ ತಂಡ ಕಟ್ಟಿದರು. ತಲೆಯ ಮೇಲಿನ ಹಿಜಾಬು ತೆಗೆಯದೆ 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದರು. ಅವರಿಗೂ ಊರಿನಲ್ಲಿ 'ಸೈತಾನನ ಸಂಗೀತ' ಎಂಬ ಬೈಗುಳ ತಪ್ಪಿರಲಿಲ್ಲ. ನಮ್ಮದೇ ಬೆಂಗಳೂರಿನಲ್ಲಿ 'ಕ್ರಿಪ್ಟೋಸ್' ತಂಡ 1998ರಿಂದ ಮೆಟಲ್ ನುಡಿಸುತ್ತಿದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ 'ಐರನ್ ಮೇಡನ್' ನುಡಿಸಿದಾಗ ದೇಶದ ಮೂಲೆ ಮೂಲೆಗಳಿಂದ ಹುಡುಗರು ಬಂದು ಕುಣಿದು ಮನೆಗೆ ಹೋದರು. ಯಾರ ಮನೆಗೂ ಬೆಂಕಿ ಬೀಳಲಿಲ್ಲ.

ಇಷ್ಟು ಹೇಳಿದ ಮೇಲೆ ಹುಡುಗರು ಗೆದ್ದೆವೆಂದು ಕುಣಿಯಬೇಕಾಗಿಲ್ಲ. 'ಹಾಡು ತಾನೇ' ಎಂಬ ಅವರ ಮಾತು ಪೂರ್ತಿ ನಿಜವಲ್ಲ.

ಓಲಿನ್ ಸತ್ತುಬಿದ್ದಿರುವುದನ್ನು ಮೊದಲು ಕಂಡವನು ಅದೇ ತಂಡದ ಗಿಟಾರು ವಾದಕ ಓಯ್ಸ್ಟೀನ್ ಆರ್ಸೆತ್. ಅವನು ಪೊಲೀಸರನ್ನು ಕರೆಯುವ ಮೊದಲು ಮಾಡಿದ ಕೆಲಸ, ಅಂಗಡಿಗೆ ಹೋಗಿ ಕ್ಯಾಮೆರಾ ತಂದು ಗೆಳೆಯನ ಹೆಣದ ಫೋಟೋ ತೆಗೆದದ್ದು. ಆ ಸಾವನ್ನು ತಂಡದ ಪ್ರಚಾರಕ್ಕೆ ಬಳಸಿಕೊಂಡ. ಇದನ್ನು ಸಹಿಸದೆ ಲೈಪ್‌ಜಿಗ್ ಕಛೇರಿಯಲ್ಲಿ ಬಾಸ್ ಗಿಟಾರು ನುಡಿಸಿದವನು ತಂಡದಿಂದ ದೂರ ಸರಿದ. ಅವನೊಬ್ಬನಾದರೂ ಮನುಷ್ಯನಂತೆ ನಡೆದುಕೊಂಡ ಎಂಬುದನ್ನು ಇಲ್ಲಿ ದಾಖಲಿಸಬೇಕು. 1995ರಲ್ಲಿ ಕೊಲಂಬಿಯಾದಿಂದ ಕಳ್ಳಮುದ್ರಣವೊಂದು ಹೊರಬಂತು. ಅದೂ ಇದೇ ತಂಡದ ಕಛೇರಿಯೇ. 1990ರ ಫೆಬ್ರುವರಿಯಲ್ಲಿ ನಾರ್ವೆಯ ಸಾರ್ಪ್ಸ್‌ಬೋರ್ಗ್ ಊರಿನಲ್ಲಿ ನಡೆದದ್ದು. ಅದರ ಹೊದಿಕೆಯ ಮೇಲೆ ಆ ಹೆಣದ ಫೋಟೋವನ್ನೇ ಅಚ್ಚು ಹಾಕಲಾಗಿತ್ತು.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಒಂದೇ ವರ್ಷದ ಎರಡು ಕಛೇರಿಗಳು, ಒಂದೇ ತಂಡ, ಒಂದೇ ಗಂಟಲು. ಲೈಪ್‌ಜಿಗ್ ಮುದ್ರಣದಲ್ಲಿ ಒಬ್ಬ ಮನುಷ್ಯನ ದನಿ ಇದೆ. ಸಾರ್ಪ್ಸ್‌ಬೋರ್ಗ್ ಮುದ್ರಣವನ್ನು ಮಾರಿದವರು ದನಿಯ ನೆಪದಲ್ಲಿ ಹೆಣ ಮಾರಿದರು. ಸದ್ದಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಅದನ್ನು ಹಿಡಿದ ಕೈಗಳಲ್ಲಿ. ಹುಡುಗರು ಎರಡನ್ನೂ ಒಂದೇ ಹುರುಪಿನಿಂದ 'ಕಲ್ಟ್' ಎಂದು ಕರೆದು ಹಂಚಿಕೊಳ್ಳುವಾಗ ನಮ್ಮ ತಕರಾರು ಶುರುವಾಗುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಈ ತಂಡದ ಸುತ್ತ ಸೇರಿದ್ದ ಯುವಕರ ಗುಂಪಿನಿಂದ ಬೆಂಕಿ ಹೊರಟಿತು. 1992ರ ಜೂನ್ 6ರಂದು ಬೆರ್ಗೆನ್ ನಗರದ ಬಳಿಯ ಫಾಂಟಾಫ್ಟ್ ಎಂಬ ಮರದ ಚರ್ಚು ಸುಟ್ಟು ಬೂದಿಯಾಯಿತು. ಆ ವರ್ಷದಿಂದ 1996ರವರೆಗೆ ನಾರ್ವೆಯಲ್ಲಿ ಸುಮಾರು 50 ಚರ್ಚುಗಳ ಮೇಲೆ ಇಂಥ ದಾಳಿಗಳಾದವು. 1993ರ ಆಗಸ್ಟ್‌ನಲ್ಲಿ ಅದೇ ವಲಯದ ಇನ್ನೊಬ್ಬ ಸಂಗೀತಗಾರ ವರ್ಗ್ ವಿಕರ್ನೆಸ್, ಗಿಟಾರು ವಾದಕ ಆರ್ಸೆತ್‌ನನ್ನು ಇರಿದು ಕೊಂದ. 1994ರಲ್ಲಿ ನ್ಯಾಯಾಲಯ ಅವನಿಗೆ ಕೊಲೆಗಾಗಿಯೂ ಚರ್ಚುಗಳ ಸುಡುವಿಕೆಗಾಗಿಯೂ 21 ವರ್ಷಗಳ ಶಿಕ್ಷೆ ಕೊಟ್ಟಿತು. ಫಾಂಟಾಫ್ಟ್ ಪ್ರಕರಣದಲ್ಲಿ ಅವನ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಸುಟ್ಟು ಕರಕಲಾದ ಅದೇ ಚರ್ಚಿನ ಫೋಟೋವನ್ನು ಅವನು ತನ್ನ ಆಲ್ಬಮ್ಮಿನ ಹೊದಿಕೆಗೆ ಹಾಕಿಕೊಂಡ. ಮೊದಲ ಪ್ರತಿಗಳ ಜೊತೆ ಸಿಗರೇಟು ಹಚ್ಚುವ ಲೈಟರನ್ನೂ ಮಾರಲಾಯಿತು.

ಇದಕ್ಕೆ ಅವನು ಕೊಟ್ಟ ಸಮರ್ಥನೆಯನ್ನು ನಮ್ಮ ಓದುಗರು ಗಮನವಿಟ್ಟು ಕೇಳಬೇಕು. ಕ್ರೈಸ್ತಧರ್ಮ ಹೊರಗಿನಿಂದ ಬಂದದ್ದು, ನಮ್ಮ ಪೂರ್ವಜರ ಪವಿತ್ರ ನೆಲದ ಮೇಲೆ ಚರ್ಚು ಕಟ್ಟಿದರು, ಅದಕ್ಕೆ ಸೇಡು ತೀರಿಸಬೇಕು ಎಂಬುದು ಅವನ ವಾದ. ಇದರಲ್ಲಿ ಸೈತಾನ ಎಲ್ಲಿದ್ದಾನೆ? ಇರುವುದು ಪೂರ್ವಜರು, ನೆಲ, ಸೇಡು. ಈ ಮೂರು ಪದಗಳು ನಮಗೆ ಹೊಸವೇ? ಫಾಂಟಾಫ್ಟ್ ಸುಟ್ಟ ಸರಿಯಾಗಿ ಆರು ತಿಂಗಳಿಗೆ, 1992ರ ಡಿಸೆಂಬರ್ 6ರಂದು, ಇದೇ ಮೂರು ಪದಗಳನ್ನು ಹಿಡಿದು ಅಯೋಧ್ಯೆಯಲ್ಲಿ ಬಾಬರಿ ಮಸೀದಿಯನ್ನು ಕೆಡವಲಾಯಿತು. ಅಲ್ಲಿ ಗಿಟಾರು ಇರಲಿಲ್ಲ, ಮುಖಕ್ಕೆ ಹೆಣದ ಬಣ್ಣ ಇರಲಿಲ್ಲ.

ಫಾಂಟಾಫ್ಟಿನ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಆ ಚರ್ಚು ಮೂಲದಲ್ಲಿ ಕಟ್ಟಿದ್ದು ಫಾಂಟಾಫ್ಟಿನಲ್ಲಿ ಅಲ್ಲವೇ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಫೋರ್ತುನ್ ಎಂಬ ಬೇರೆ ಊರಿನಲ್ಲಿ ಕಟ್ಟಿದ್ದನ್ನು 1883ರಲ್ಲಿ ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದರು. ಹಾಗಾದರೆ ಅದು ಯಾವ ಪೂರ್ವಜರ ನೆಲವನ್ನು ಆಕ್ರಮಿಸಿತ್ತು? ದ್ವೇಷಕ್ಕೆ ಇತಿಹಾಸ ಬೇಕಾಗುವುದಿಲ್ಲ. ಇತಿಹಾಸದ ಹೆಸರಿದ್ದರೆ ಅದಕ್ಕೆ ಸಾಕು. 2009ರಲ್ಲಿ ಜೈಲಿನಿಂದ ಹೊರಬಂದ ವಿಕರ್ನೆಸ್ ಫ್ರಾನ್ಸಿಗೆ ಹೋಗಿ ನೆಲೆಸಿದ. 2014ರಲ್ಲಿ ಅಲ್ಲಿನ ನ್ಯಾಯಾಲಯ ಅವನನ್ನು ತಪ್ಪಿತಸ್ಥ ಎಂದಿತು. ಈ ಬಾರಿ ಅಪರಾಧ ಯಹೂದಿಗಳ ಮತ್ತು ಮುಸ್ಲಿಮರ ವಿರುದ್ಧ ದ್ವೇಷ ಕೆರಳಿಸಿದ್ದು. ಚರ್ಚಿನಿಂದ ಹೊರಟ ಬೆಂಕಿ ಎಲ್ಲಿಗೆ ಬರುತ್ತದೆ ಎಂಬುದನ್ನು ಅವನ ಹಾಡುಗಳನ್ನು ಮೊಬೈಲಿನಲ್ಲಿ ತುಂಬಿಕೊಂಡಿರುವ ನಮ್ಮ ಹುಡುಗರು ಒಮ್ಮೆ ಯೋಚಿಸಲಿ.

ಲೈಪ್‌ಜಿಗ್ ನಗರವನ್ನೂ ಮರೆಯಬಾರದು. ಪೂರ್ವ ಜರ್ಮನಿಯ ದಬ್ಬಾಳಿಕೆಯ ಸರಕಾರದ ವಿರುದ್ಧ 1989ರಲ್ಲಿ ಜನ ಬೀದಿಗಿಳಿದದ್ದು ಅಲ್ಲಿಯ ಸಂತ ನಿಕೋಲಸರ ಚರ್ಚಿನ ಸೋಮವಾರದ ಪ್ರಾರ್ಥನೆಗಳಿಂದ. ಅಕ್ಟೋಬರ್ 9ರ ಸಂಜೆ ಸುಮಾರು 70,000 ಜನ ಮೇಣದಬತ್ತಿ ಹಿಡಿದು, ಕಲ್ಲೆಸೆಯದೆ ನಡೆದರು. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ಉರುಳಿತು. ಮರುವರ್ಷ ಅಕ್ಟೋಬರ್ 3ಕ್ಕೆ ಎರಡು ಜರ್ಮನಿಗಳು ಒಂದಾದವು. ಅದಾಗಿ ಎಂಟು ವಾರ ಕಳೆಯುವುದರೊಳಗೆ ನಾರ್ವೆಯ ಈ ತಂಡ ಬಂದು ಯಾರ ಅಪ್ಪಣೆಯೂ ಇಲ್ಲದೆ ತನಗೆ ಬೇಕಾದ್ದನ್ನು ಕಿರುಚಿತು. ಆ ಸ್ವಾತಂತ್ರ್ಯವನ್ನು ಗಳಿಸಿಕೊಟ್ಟವರಲ್ಲಿ ಚರ್ಚಿನಿಂದ ಹೊರಬಂದ ಜನರಿದ್ದರು. ಪ್ರಾರ್ಥನಾ ಮಂದಿರವೊಂದು ತೆರೆಸಿದ ಬಾಗಿಲಿನಿಂದ ಒಳಬಂದ ತಂಡದ ಸಂಗಾತಿಗಳು ಎರಡೇ ವರ್ಷದಲ್ಲಿ ಪ್ರಾರ್ಥನಾ ಮಂದಿರಗಳನ್ನು ಸುಡತೊಡಗಿದರು.

ಇಷ್ಟು ದೂರದ ಕಥೆ ನಮಗೇಕೆ ಎಂದು ಕೇಳಬಹುದು. ನಮ್ಮ ಬೆಳಗಾವಿಯ ಕೋಟೆಯೊಳಗೆ 1204ರ ಜೈನ ಕಮಲ ಬಸದಿ ಇದೆ, ದುರ್ಗಾದೇವಿಯ ಗುಡಿ ಇದೆ, ಹದಿನಾರನೇ ಶತಮಾನದ ಸಫಾ ಮಸೀದಿ ಇದೆ. ನಾಲ್ಕು ಹೆಜ್ಜೆ ನಡೆದರೆ ಒಂದರಿಂದ ಇನ್ನೊಂದು ಸಿಗುತ್ತದೆ. ಇಂಥ ನಗರದಲ್ಲಿ 2022ರ ಮೇ ತಿಂಗಳಲ್ಲಿ ಶಾಸಕರೊಬ್ಬರು ಶಾಹಿ ಮಸೀದಿ ಹಿಂದೆ ಗುಡಿಯಾಗಿತ್ತು, ಸಮೀಕ್ಷೆ ನಡೆಸಿ ಎಂದು ಎದ್ದರು. 1991ರ ಪೂಜಾಸ್ಥಳಗಳ ಕಾಯಿದೆ ಎಂಬುದೊಂದು ಇದೆ ಎನ್ನುವುದು ಶಾಸನ ಮಾಡುವವರಿಗೇ ನೆನಪಿರಲಿಲ್ಲ. 2025ರ ಮೇ ತಿಂಗಳಲ್ಲಿ ಬೆಳಗಾವಿ ತಾಲೂಕಿನ ಸಂತಿಬಸ್ತವಾಡದಲ್ಲಿ, ಕಟ್ಟುತ್ತಿದ್ದ ಮಸೀದಿಯಿಂದ ಕುರ್‌ಆನ್ ಮತ್ತಿತರ ಗ್ರಂಥಗಳನ್ನು ಹೊತ್ತೊಯ್ದು ಸುಡಲಾಯಿತು. ಪೂರ್ವಜರು, ನೆಲ, ಸೇಡು ಎಂಬ ಪದಗಳು ಇಲ್ಲಿಯೂ ಓಡಾಡುತ್ತಿವೆ.

ಅವು ಓಡಾಡುವುದು ಯಾವ ಸಂಗೀತದ ಬೆನ್ನೇರಿ? ಡಿಜೆಯ ಬೆನ್ನೇರಿ. ಮಸೀದಿಯ ಮುಂದೆ ಲಾರಿ ನಿಲ್ಲಿಸಿ, ಗೋಡೆ ನಡುಗುವ ಹಾಗೆ ಧ್ವನಿವರ್ಧಕ ಹಚ್ಚಿ, ಒಂದು ಸಮುದಾಯವನ್ನು ಹೀಯಾಳಿಸುವ ಹಾಡು ಹಾಕುವುದು ದೇಶದ ಅನೇಕ ಊರುಗಳಲ್ಲಿ ಹಬ್ಬದ ಆಚರಣೆಯೇ ಆಗಿಬಿಟ್ಟಿದೆ. ಪತ್ರಕರ್ತ ಕುನಾಲ್ ಪುರೋಹಿತ್ 2023ರಲ್ಲಿ 'ಎಚ್ ಪಾಪ್' ಎಂಬ ಪುಸ್ತಕವನ್ನೇ ಈ ದ್ವೇಷದ ಹಾಡುಗಳ ಉದ್ಯಮದ ಮೇಲೆ ಬರೆದಿದ್ದಾರೆ. ಆ ಹಾಡುಗಳಲ್ಲಿ ಸೈತಾನನ ಹೆಸರಿಲ್ಲ, ದೇವರ ಹೆಸರಿದೆ. ರಾಗ ಇಂಪಾಗಿಯೇ ಇರುತ್ತದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 2022ರಲ್ಲಿ ಆಜಾನಿನ ಗಲಾಟೆ ಎಬ್ಬಿಸಿದಾಗ ಮಸೀದಿಯ ಮೈಕಿಗೆ ಈ ಲೆಕ್ಕ ಹಿಡಿದವರು ಡಿಜೆ ಲಾರಿಗಳಿಗೆ ಅದೇ ಲೆಕ್ಕ ಹಿಡಿದದ್ದನ್ನು ನಾವು ಕಾಣೆವು.

ನಮ್ಮವರನ್ನೂ ಬಿಡಲಾಗದು. 2023ರಲ್ಲಿ ಗಣೇಶ ವಿಸರ್ಜನೆಯೂ ಈದ್ ಮಿಲಾದೂ ಒಂದೇ ದಿನ ಬಂದಾಗ ಬೆಳಗಾವಿಯ ಮುಸ್ಲಿಮರು ತಮ್ಮ ಮೆರವಣಿಗೆಯನ್ನು ತಾವಾಗಿಯೇ ಮುಂದಕ್ಕೆ ಹಾಕಿದರು. ಇಡೀ ರಾಜ್ಯ ಮೆಚ್ಚಬೇಕಾದ ನಡೆ ಅದು. ಆದರೆ ಇಂಥ ವಿವೇಕ ತೋರುವ ಸಮುದಾಯದ ಮಿಲಾದ್ ಮೆರವಣಿಗೆಗಳಲ್ಲಿ ಡಿಜೆ ಏಕೆ ನುಗ್ಗಿತು? ನೆರೆಮನೆಯವರಿಗೆ ತೊಂದರೆ ಕೊಡಬೇಡಿ ಎಂದು ಕಲಿಸಿದ ಪ್ರವಾದಿಯವರ ಜನ್ಮದಿನದಂದು, ಹೃದ್ರೋಗಿಗಳು ಮಲಗಿರುವ ಓಣಿಯಲ್ಲಿ ಎದೆ ಒಡೆಯುವ ಸದ್ದು ಎಬ್ಬಿಸುವುದು ಯಾವ ಸುನ್ನತ್? ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲೈಪ್‌ಜಿಗ್ ಕೇಳಿದರೆ ಈಮಾನು ಹೋಯಿತೆನ್ನುವ ತಂದೆ, ಅದೇ ಮಗ ಡಿಜೆಯ ಮುಂದೆ ಎದುರು ಕೋಮಿನವರಿಗೆ ಕೇಳಲೆಂದು ಕೂಗಿದರೆ ಶಹಬ್ಬಾಸ್ ಎನ್ನುತ್ತಾನೆ. ಮೊದಲನೆಯದರಿಂದ ಯಾರ ನಿದ್ದೆಯೂ ಕೆಡುವುದಿಲ್ಲ.

ಕೊನೆಯದಾಗಿ ಖಾನಾಪುರದ ಒಂದು ಮಾತು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ರೈಲು ಹಳಿಯ ಮೇಲೆ 24 ವರ್ಷದ ಯುವಕನೊಬ್ಬನ ಹೆಣ ತುಂಡಾಗಿ ಬಿದ್ದಿತ್ತು. ಬೇರೆ ಧರ್ಮದ ಹುಡುಗಿಯನ್ನು ಪ್ರೀತಿಸಿದ್ದಕ್ಕೆ ನಡೆದ ಕೊಲೆ ಎಂದು ಪೊಲೀಸರು 10 ಜನರನ್ನು ಬಂಧಿಸಿದರು. ಇಂಥ ಘಟನೆ ನಡೆದಾಗಲೆಲ್ಲ ನಮ್ಮಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೊದಲು ಮೊಬೈಲು ಹೊರಬರುತ್ತದೆ. ಹೆಣದ ಫೋಟೋ ಊರಿಂದ ಊರಿಗೆ ಹಾರುತ್ತದೆ. ಒಬ್ಬರು ಸಿಟ್ಟೇರಿಸಲು ಕಳಿಸುತ್ತಾರೆ, ಇನ್ನೊಬ್ಬರು ಹೆದರಿಸಲು, ಮತ್ತೊಬ್ಬರು ಬರೀ ಚಪಲಕ್ಕೆ. ಸತ್ತವನ ತಾಯಿಯ ಕಣ್ಣಿಗೂ ಅದು ಬೀಳಬಹುದೆಂದು ಯಾರೂ ಯೋಚಿಸುವುದಿಲ್ಲ. ಗೆಳೆಯನ ಹೆಣದ ಮುಂದೆ ಕ್ಯಾಮೆರಾ ಹಿಡಿದು ನಿಂತ ಆ ಗಿಟಾರು ವಾದಕನಿಗೂ ಇವರಿಗೂ ಏನು ಅಂತರ? ಅವನು ಕಪ್ಪು ಬಟ್ಟೆ ತೊಟ್ಟಿದ್ದ, ಇವರು ತೊಟ್ಟಿರುವುದಿಲ್ಲ.

ಆದ್ದರಿಂದ ಹುಡುಗರಿಗೆ ನಮ್ಮ ಮಾತು ಇಷ್ಟೆ. ಲೈಪ್‌ಜಿಗ್ ಕೇಳುವುದಾದರೆ ಕೇಳಿ, ಒಬ್ಬ ಮನುಷ್ಯನ ದನಿ ಎಂದು ತಿಳಿದು ಕೇಳಿ. ಹೆಣದ ಹೊದಿಕೆಯ ಆ ಇನ್ನೊಂದನ್ನು ಅಳಿಸಿಹಾಕಿ. ಪ್ರಾರ್ಥನಾ ಮಂದಿರ ಸುಟ್ಟವನ ಹಾಡನ್ನು ಹಂಚಿಕೊಳ್ಳುವ ಮೊದಲು ನಿಮ್ಮ ಓಣಿಯ ಮಸೀದಿಯನ್ನೊಮ್ಮೆ ನೋಡಿ. ನಿಮ್ಮಲ್ಲಿ ಯಾರಾದರೂ ಆ ಗಾಯಕನ ಹಾಗೆ ಒಳಗೊಳಗೇ ಮುಳುಗುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಹೇಳಿಕೊಂಡ ಮಗನಿಗೆ ಕಿವಿಗೊಡುವುದು, ಅವನನ್ನು ವೈದ್ಯರ ಬಳಿ ಕರೆದೊಯ್ಯುವುದು ಹಿರಿಯರ ಹೊಣೆ. ಅವನ ಮೊಬೈಲು ಕಿತ್ತುಕೊಂಡರೆ ಆ ಹೊಣೆ ಮುಗಿಯುವುದಿಲ್ಲ.

ಜಮಾಅತ್ತುಗಳ ಜವಾಬ್ದಾರರಲ್ಲಿ ಒಂದು ಬೇಡಿಕೆ ಇದೆ. ಬ್ಲ್ಯಾಕ್ ಮೆಟಲ್ ವಿರುದ್ಧ ಬಯಾನ್ ಕೊಡುವ ಮೊದಲು, ಬರುವ ಮಿಲಾದ್ ಮೆರವಣಿಗೆಯಲ್ಲಿ ಒಂದೂ ಡಿಜೆ ಲಾರಿ ಇರುವುದಿಲ್ಲ ಎಂದು ಮಿಂಬರಿನಿಂದ ಘೋಷಿಸಿ. ಅದನ್ನು ನಡೆಸಿ ತೋರಿಸಿ. ಆಮೇಲೆ ಬೇರೆಯವರ ಲಾರಿಗಳ ಬಗ್ಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಮನವಿ ಒಯ್ಯುವಾಗ ನಾವೂ ನಿಮ್ಮ ಹಿಂದೆ ಬರುತ್ತೇವೆ.